ತಾನೇ ಔಷಧಿ ಬಿಡುವ ಜೆಲ್ ಹಾಕಿದರೆ ಶುಗರ್ ಗಾಯ ಮಾಯುತ್ತದಾ?

ಪ್ರಶ್ನೆ: ನಮ್ಮ ತಂದೆಗೆ ತುಂಬಾ ವರ್ಷಗಳಿಂದ ಶುಗರ್ ಇದೆ. ಅಂಗಾಲಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ಹುಣ್ಣಾಗಿ ಎರಡು ತಿಂಗಳಾಯ್ತು. ದಿನಾ ಪಟ್ಟಿ ಬದಲಿಸುತ್ತೇವೆ, ಮಾಯುತ್ತಲೇ ಇಲ್ಲ. ನೋವಿಲ್ಲ ಅಂತ ಅವರು ಓಡಾಡಿಕೊಂಡೇ ಇದ್ದಾರೆ. ಗಾಯಕ್ಕೆ ಬೇಕಾದಾಗ ತಾನೇ ಔಷಧಿ ಬಿಡುವ ಜೆಲ್ ಬಂದಿದೆಯಂತೆ, ಅದನ್ನು ಹಾಕಿಸಬಹುದಾ?

ಉತ್ತರ: ಜೆಲ್ ವಿಷಯಕ್ಕೆ ಬರುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ‘ನೋವಿಲ್ಲ, ಓಡಾಡುತ್ತಿದ್ದಾರೆ’ ಅನ್ನುವ ಮಾತು. ನರಗಳು ಸ್ಪರ್ಶ ಕಳೆದುಕೊಂಡಿರುವುದರಿಂದ ನೋವಿಲ್ಲ, ಅಷ್ಟೇ. ಹೆಜ್ಜೆ ಇಟ್ಟಾಗಲೆಲ್ಲ ಮೈಭಾರ ಅದೇ ಜಾಗದ ಮೇಲೆ ಬಿದ್ದು, ಆಗಷ್ಟೇ ಹುಟ್ಟುತ್ತಿರುವ ಚರ್ಮ ಜಜ್ಜಿಹೋಗುತ್ತದೆ.

ಈಗ ಜೆಲ್. ಇಂಥ ಗಾಯದಲ್ಲಿ ಉರಿಯೂತ ಇಳಿಯುವುದೇ ಇಲ್ಲ. ಗಾಯದ ರಸದಲ್ಲಿರುವ ಕೆಲವು ಕಿಣ್ವಗಳು ಹೊಸ ಚರ್ಮ ಬೆಳೆಸಬೇಕಾದ ಪ್ರೋಟೀನುಗಳನ್ನೇ ಕತ್ತರಿಸಿ ಹಾಕುತ್ತವೆ, ಜೊತೆಗೆ ಬ್ಯಾಕ್ಟೀರಿಯಾಗಳು ಲೋಳೆಯ ಪೊರೆ ಕಟ್ಟಿಕೊಂಡು ಅದರ ಕೆಳಗೆ ಕೂತಿರುತ್ತವೆ, ಮೇಲೆ ಹಚ್ಚಿದ ಮುಲಾಮು ಆ ರಸದಲ್ಲೇ ತೊಳೆದುಹೋಗುತ್ತದೆ. ಅದಕ್ಕೇ ಔಷಧಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವ ವಸ್ತು ಬೇಕಾಯಿತು. ಹೈಡ್ರೋಜೆಲ್ ಅಂದರೆ ತುಂಬಾ ನೀರು ಹಿಡಿದಿಟ್ಟುಕೊಂಡ ಪಾಲಿಮರ್ (ಉದ್ದನೆಯ ಸರಪಳಿಯಂಥ ಅಣುಗಳ) ಬಲೆ. ಅದರ ಎಳೆಗಳನ್ನು ಫೀನೈಲ್‌ಬೋರಾನಿಕ್ ಆಸಿಡ್ ಬಳಸಿ ಹೆಣೆದರೆ, ಗ್ಲೂಕೋಸ್ ಜಾಸ್ತಿಯಾದಾಗ ಅದು ಬಂದು ಅಂಟಿಕೊಂಡು ಗಂಟು ಸಡಿಲಿಸುತ್ತದೆ, ಒಳಗಿನ ಔಷಧಿ ಹೊರಬರುತ್ತದೆ. ಜೆಲಟಿನ್ ಬಳಸಿದರೆ ಆ ಹಾಳು ಕಿಣ್ವಗಳೇ ಬಲೆ ಕತ್ತರಿಸುತ್ತವೆ, ಅಂದರೆ ಉರಿಯೂತ ಜಾಸ್ತಿ ಇದ್ದಷ್ಟೂ ಔಷಧಿ ಬೇಗ ಸಿಗುತ್ತದೆ. ಎಷ್ಟು ಚಂದದ ಯೋಚನೆ ಅಲ್ವಾ!

ಆದರೆ ಇವುಗಳ ಹೆಚ್ಚಿನ ಪರೀಕ್ಷೆ ಆಗಿರುವುದು ಇಲಿಗಳ ಮೇಲೆ. ಇಲಿಯ ಗಾಯ ಬಹುಪಾಲು ಚರ್ಮ ಸಂಕುಚಿಸಿಯೇ ಮುಚ್ಚಿಕೊಳ್ಳುತ್ತದೆ, ನಮ್ಮ ಅಂಗಾಲು ಹಾಗಲ್ಲ. ಬಳಕೆಯಲ್ಲಿರುವುದು ಇನ್ನೂ ಸರಳವಾದವು. ರಸ ಹೀರಿಕೊಳ್ಳುತ್ತಾ ಅಯೋಡಿನ್ ಬಿಡುವ ಕ್ಯಾಡೆಕ್ಸೋಮರ್ ಇದೆ. ಬೆಳವಣಿಗೆಯ ಪ್ರೋಟೀನ್ ಇರುವ ಬೆಕಾಪ್ಲರ್ಮಿನ್ ಜೆಲ್‌ಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆ ಕಿಣ್ವಗಳನ್ನು ತಡೆಯುವ ಸುಕ್ರೋಸ್ ಆಕ್ಟಾಸಲ್ಫೇಟ್ ಪಟ್ಟಿಯನ್ನು 240 ಜನರಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು: ಸೋಂಕಿಲ್ಲದ, ನರ ಮತ್ತು ರಕ್ತನಾಳ ಎರಡರ ತೊಂದರೆಯೂ ಇದ್ದ ಹುಣ್ಣುಗಳಲ್ಲಿ 20 ವಾರಕ್ಕೆ ಮುಚ್ಚಿದ್ದು ಶೇ. 48, ಸಾಮಾನ್ಯ ಪಟ್ಟಿಯಲ್ಲಿ ಶೇ. 30. ನನಗೆ ಇದು ದೊಡ್ಡ ವ್ಯತ್ಯಾಸವೇ. ಆದರೆ ಆ ಎರಡೂ ಗುಂಪಿನವರ ಪಾದದಿಂದ ಭಾರ ತಪ್ಪಿಸುವ ವ್ಯವಸ್ಥೆ ಮಾಡಿದ್ದರು ಅನ್ನೋದನ್ನ ಮರೆಯಬೇಡಿ.

ಹಾಗಾಗಿ ಮೊದಲು ಪಾದದ ಗಾಯ ನೋಡುವ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ, ಎಲುಬಿಗೆ ಸೋಂಕು ಇಳಿದಿದೆಯಾ ಕೇಳಿ. ಸತ್ತ ಚರ್ಮ, ಸುತ್ತಲಿನ ಗಡಸು ಚರ್ಮ ತೆಗೆಯಬೇಕು, ಅದನ್ನು ಮನೆಯಲ್ಲಿ ಮಾತ್ರ ಮಾಡಬೇಡಿ. ಭಾರ ತಪ್ಪಿಸಲು ಮೊಣಕಾಲಿನವರೆಗಿನ, ಸುಮ್ನೆ ಬಿಚ್ಚಲಾಗದ ಕಾಸ್ಟ್ (ಪ್ಲಾಸ್ಟರ್‌ನಂಥ ಗಟ್ಟಿ ಕಟ್ಟು) ಹಾಕಬಹುದಾ ಅಂತಲೂ ಕೇಳಿ, ಬಿಚ್ಚುವಂಥದ್ದನ್ನು ಬಹಳ ಜನ ಮನೆಯೊಳಗೆ ತೆಗೆದಿಟ್ಟುಬಿಡುತ್ತಾರೆ. ಇಷ್ಟೆಲ್ಲ ಮಾಡಿಯೂ ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕೆ ಇಳಿಯದಿದ್ದರೆ, ಆಗ ವಿಶೇಷ ಪಟ್ಟಿಗಳ ಮಾತು ಎತ್ತಿ. ಈ ನಡುವೆ ಪಾದ ಕೆಂಪಾಗಿ ಊದಿದರೆ, ಕಪ್ಪಾದರೆ, ಕೆಟ್ಟ ವಾಸನೆ ಅಥವಾ ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ.