ಹಿಮೋಗ್ಲೋಬಿನ್ ಸರಿ ಇದೆ, ಆದರೂ ಸುಸ್ತು ಯಾಕೆ?

ಪ್ರಶ್ನೆ: ನನಗೆ 36 ವರ್ಷ, ಹುಬ್ಬಳ್ಳಿ ವಿದ್ಯಾನಗರದಲ್ಲಿದ್ದೇನೆ. ಆರು ವರ್ಷದಿಂದ ಮೂರು ತಿಂಗಳಿಗೊಮ್ಮೆ ತಪ್ಪದೆ ರಕ್ತ ಕೊಡುತ್ತೇನೆ. ಪ್ರತಿ ಸಲ ಹಿಮೋಗ್ಲೋಬಿನ್ 13ರ ಮೇಲೇ ಇರುತ್ತದೆ. ಆದರೆ ಈಗೀಗ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ, ರಾತ್ರಿ ಮಲಗಿದರೆ ಕಾಲು ಸುಮ್ನೆ ಇರೋದಿಲ್ಲ. ಇನ್ನೊಂದು, ಫ್ರಿಜ್‌ನಿಂದ ಐಸ್ ತೆಗೆದು ಕರಕರ ಅಗಿಯಬೇಕು ಅನಿಸುತ್ತದೆ. ರಕ್ತ ಕೊಡೋದಕ್ಕೂ ಇದಕ್ಕೂ ಸಂಬಂಧ ಇದೆಯಾ? ನಿಲ್ಲಿಸೋಕೆ ಮನಸ್ಸಿಲ್ಲ.

ಉತ್ತರ: ಐಸ್ ವಿಷಯ ಬರೆದಿದ್ದು ಒಳ್ಳೆಯದಾಯಿತು, ನಾಚಿಕೊಂಡು ಎಷ್ಟೋ ಜನ ಹೇಳೋದೇ ಇಲ್ಲ. ಐಸ್, ಮಣ್ಣು, ಹಸಿ ಅಕ್ಕಿ ತಿನ್ನೋ ಆಸೆ, ರಾತ್ರಿ ಕಾಲಿನ ಚಡಪಡಿಕೆ, ಇವೆಲ್ಲ ಕಬ್ಬಿಣದ ಅಂಶ ಕಡಿಮೆಯಾದಾಗ ಬರಬಹುದು. ಹಿಮೋಗ್ಲೋಬಿನ್ ಸರಿ ಇದ್ದಾಗಲೂ ಬರಬಹುದು.

ನಮ್ಮ ಕಡೆ ಹಿಂದೆ ಜೋಳ ತುಂಬಿಡೋಕೆ ಹಗೇವು ಇರುತ್ತಿತ್ತಲ್ವಾ? ಹಗೇವಿನ ತಳ ಕಂಡರೂ ಒಂದಷ್ಟು ದಿನ ಬುಟ್ಟಿಯಲ್ಲಿ ರೊಟ್ಟಿ ಇದ್ದೇ ಇರುತ್ತದೆ. ಹಿಮೋಗ್ಲೋಬಿನ್ ಅಂದರೆ ಬುಟ್ಟಿಯ ರೊಟ್ಟಿ, ಹಗೇವು ಅಂದರೆ ದೇಹ ಕೂಡಿಟ್ಟ ಕಬ್ಬಿಣ, ಅದರಲ್ಲಿ ಎಷ್ಟು ಉಳಿದಿದೆ ಅಂತ ಹೇಳೋದು ಫೆರಿಟಿನ್ ಅನ್ನೋ ರಕ್ತಪರೀಕ್ಷೆ. ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿಗೆ ಬಿಡೋದನ್ನು ನೋಡಿರುತ್ತೀರಿ. ಅದು ಮೈಲುತುತ್ತದ ನೀರು. ಹನಿ ತಟ್ಟನೆ ಮುಳುಗಿದರೆ ಹಿಮೋಗ್ಲೋಬಿನ್ 12.5 ಆದರೂ ಇದೆ ಅಂತ ಅರ್ಥ, ಅಷ್ಟೇ. ಹಗೇವಿನ ಸುದ್ದಿ ಅದಕ್ಕೆ ಗೊತ್ತಾಗೋದಿಲ್ಲ.

ಲೆಕ್ಕ ನೋಡಿ. ಒಂದು ಸಲ 450 ಮಿಲಿ ಕೊಟ್ಟರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಊಟದಿಂದ ದೇಹ ಹೀರಿಕೊಳ್ಳೋದು ಸಾಮಾನ್ಯವಾಗಿ ದಿನಕ್ಕೆ 1-2 ಮಿಲಿಗ್ರಾಂ, ಅದರಲ್ಲೂ ಒಂದು ಮಿಲಿಗ್ರಾಂ ದಿನದ ಖರ್ಚಿಗೇ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ಕೊಟ್ಟರೆ ಹೆಚ್ಚುಕಡಿಮೆ 900 ಮಿಲಿಗ್ರಾಂ. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಮೇಲೆ ಬರುತ್ತದೆ, ಹಗೇವು ತುಂಬೋಕೆ ಆರು ತಿಂಗಳೂ ಸಾಲದೆ ಹೋಗಬಹುದು. ಗಂಡಸರಿಗೆ 90 ದಿನಕ್ಕೊಮ್ಮೆ ಕೊಡಬಹುದು ಅನ್ನೋದು ಕನಿಷ್ಠ ಅಂತರ. ಅಷ್ಟು ಸಲ ಕೊಡಲೇಬೇಕು ಅಂತ ಅಲ್ಲ.

ಈ ವಾರವೇ ವೈದ್ಯರನ್ನು ಕಂಡು ರಕ್ತದ ಪೂರ್ತಿ ಎಣಿಕೆಯ ಜೊತೆ ಫೆರಿಟಿನ್ ಮಾಡಿಸಿ. ಏದುಸಿರಿಗೆ ಬೇರೆ ಕಾರಣಗಳೂ ಇರುತ್ತವೆ, ಅದನ್ನೂ ಹೇಳಿ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ, 30ರ ಒಳಗಿದ್ದರೂ ನಿಮ್ಮಂಥವರ ವಿಷಯದಲ್ಲಿ ನಾನು ಕಡಿಮೆ ಅಂತಲೇ ತಿಳಿಯುತ್ತೇನೆ. ಜ್ವರ, ಸೋಂಕು ಇದ್ದಾಗ ಮಾಡಿಸಬೇಡಿ, ಸುಳ್ಳೇ ಜಾಸ್ತಿ ತೋರಿಸುತ್ತದೆ. ಎಲ್ಲವನ್ನೂ ರಕ್ತದಾನದ ತಲೆಗೆ ಕಟ್ಟಲೂಬೇಡಿ. ಮೂಲವ್ಯಾಧಿ, ಹೊಟ್ಟೆಹುಣ್ಣಿನಿಂದ ಗೊತ್ತಾಗದ ಹಾಗೆ ರಕ್ತ ಹೋಗುತ್ತಿರಬಹುದು.

ಮಾತ್ರೆ ಬರೆದುಕೊಟ್ಟರೆ ಚಹಾದ ಜೊತೆ ನುಂಗಬೇಡಿ, ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಸುಸ್ತು ಹೋಯಿತು ಅಂತ ತಿಂಗಳಿಗೇ ಬಿಡಬೇಡಿ, ಹಗೇವು ತುಂಬೋಕೆ ತಿಂಗಳುಗಟ್ಟಲೆ ಬೇಕು. ರೊಟ್ಟಿ, ಹೆಸರುಕಾಳು, ಮೆಂತ್ಯದ ಪಲ್ಯ ಎಲ್ಲವೂ ಒಳ್ಳೆಯವೇ, ಆದರೆ ಊಟ ಮುಗಿಯುತ್ತಲೇ ಕುಡಿಯೋ ಚಹಾ ಅದರ ಕಬ್ಬಿಣವನ್ನು ಹೀರಿಕೊಳ್ಳೋಕೆ ಬಿಡೋದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಫೆರಿಟಿನ್ ಮೇಲೆ ಬರೋವರೆಗೆ ರಕ್ತ ಕೊಡಬೇಡಿ, ಆಮೇಲೆ ವರ್ಷಕ್ಕೆ ಎರಡು ಸಲ ಕೊಡಿ. ನಿಮ್ಮಂಥವರು ಇನ್ನೂ ಇಪ್ಪತ್ತು ವರ್ಷ ಕೊಡಬೇಕು ಅಂತಲೇ ನನ್ನ ಆಸೆ.

ಪ್ರಶ್ನೆ: ಹಾವೇರಿಯಲ್ಲಿ ಮೊದಲ ಸಲ ರಕ್ತ ಕೊಡಲು ಹೋಗಿದ್ದೆ. ಹಿಮೋಗ್ಲೋಬಿನ್ 11.8 ಅಂತ ವಾಪಸ್ ಕಳಿಸಿದರು, ತುಂಬಾ ಬೇಜಾರಾಯಿತು. ನನಗೆ 24 ವರ್ಷ.

ಉತ್ತರ: ಬೇಜಾರು ಬೇಡಮ್ಮ, ಅವರು ಮಾಡಿದ್ದು ನಿಮ್ಮ ಒಳ್ಳೆಯದಕ್ಕೇ. ಹೆಣ್ಣುಮಕ್ಕಳ ಹಗೇವು ಮೊದಲೇ ಚಿಕ್ಕದು, ತಿಂಗಳ ಮುಟ್ಟಿನಲ್ಲೂ ಕಬ್ಬಿಣ ಹೋಗುತ್ತದೆ. ಮುಟ್ಟು ಜಾಸ್ತಿ ಹೋಗುತ್ತಿದ್ದರೆ ವೈದ್ಯರಿಗೆ ಬಿಡಿಸಿ ಹೇಳಿ. ನೀವೂ ಫೆರಿಟಿನ್ ಮಾಡಿಸಿ, ಮಾತ್ರೆ ತಗೊಂಡು, 12.5 ದಾಟಿ ಹಗೇವೂ ತುಂಬಿದ ಮೇಲೆ ಹೋಗಿ. ಆಮೇಲೂ ಒಂದು ಸಲಕ್ಕೂ ಇನ್ನೊಂದಕ್ಕೂ 120 ದಿನವಾದರೂ ಅಂತರ ಇರಲಿ.