ಕೋರ್ಟ್ ಅಂಗಳದ ದಶಾಜ್ಞೆ, ಪಾರ್ಕಿನ ಶಿಲುಬೆ, ನಮ್ಮ ದೀಪ: ಅಮೆರಿಕದ ಕಾನೂನು ಏನು ಹೇಳುತ್ತದೆ?

ಸರ್ಕಾರಿ ಜಾಗದಲ್ಲಿರುವ ಧಾರ್ಮಿಕ ಸ್ಮಾರಕಗಳ ಬಗ್ಗೆ ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ. ದಾವೆಯ ಮಾತು ಬಂದರೆ ನಿಮ್ಮ ರಾಜ್ಯದ ವಕೀಲರನ್ನೇ ಕಾಣಬೇಕು.

ಪ್ರಶ್ನೆ: ಟೆಕ್ಸಸ್ ಶಾಸನಸಭೆಯ ಆವರಣದಲ್ಲಿ ದಶಾಜ್ಞೆಯ (ಬೈಬಲ್‌ನ ಹತ್ತು ಆಜ್ಞೆಗಳ) ಕಲ್ಲು ಇರಬಹುದು, ಕೆಂಟಕಿಯ ಕೋರ್ಟಿನಲ್ಲಿ ಅದೇ ದಶಾಜ್ಞೆ ಇರಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಬರಹ ಒಂದೇ ಇರುವಾಗ ಎರಡು ನ್ಯಾಯ ಹೇಗೆ?

ಉತ್ತರ: ಎರಡೂ ತೀರ್ಪು ಬಂದದ್ದು ಒಂದೇ ದಿನ, 2005ರ ಜೂನ್ 27ರಂದು. ಎರಡರಲ್ಲೂ 5–4 ಬಹುಮತ. ಎಂಟು ನ್ಯಾಯಮೂರ್ತಿಗಳು ಎರಡು ಪ್ರಕರಣಗಳಲ್ಲೂ ತಮ್ಮ ನಿಲುವು ಬಿಡಲಿಲ್ಲ. ಒಂದರಲ್ಲಿ ಆ ಕಡೆ, ಇನ್ನೊಂದರಲ್ಲಿ ಈ ಕಡೆ ನಿಂತವರು ಸ್ಟೀಫನ್ ಬ್ರೇಯರ್ ಒಬ್ಬರೇ. ಹಾಗಾಗಿ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಅವರ ಕಾರಣಗಳನ್ನು ಓದಬೇಕು.

ಟೆಕ್ಸಸ್‌ನ ಕಲ್ಲು ಆರು ಅಡಿ ಎತ್ತರ, ಮೂರೂವರೆ ಅಡಿ ಅಗಲ. 1961ರಲ್ಲಿ ಫ್ರಟರ್ನಲ್ ಆರ್ಡರ್ ಆಫ್ ಈಗಲ್ಸ್ ಎಂಬ ಸಂಘ ಅದನ್ನು ಕೊಡುಗೆಯಾಗಿ ನೀಡಿತ್ತು. 22 ಎಕರೆ ಆವರಣದಲ್ಲಿ ಅದರ ಜೊತೆಗೆ ಇನ್ನೂ 16 ಸ್ಮಾರಕಗಳು, 21 ಚಾರಿತ್ರಿಕ ಫಲಕಗಳಿದ್ದವು. ನಲವತ್ತು ವರ್ಷ ಯಾರೂ ಕೋರ್ಟಿಗೆ ಹೋಗಿರಲಿಲ್ಲ. ಬ್ರೇಯರ್ ಅವರಿಗೆ ಈ ನಲವತ್ತು ವರ್ಷದ ಮೌನವೇ ದೊಡ್ಡ ಸಾಕ್ಷಿಯಾಯಿತು.

ಕೆಂಟಕಿಯ ಕಥೆ ಬೇರೆ. ಅಲ್ಲಿ ಎರಡು ಕೌಂಟಿಗಳು 1999ರಲ್ಲಿ ದಶಾಜ್ಞೆಗೆ ಚೌಕಟ್ಟು ಹಾಕಿಸಿ ಕೋರ್ಟ್ ಕಟ್ಟಡದಲ್ಲಿ ತೂಗುಹಾಕಿದವು. ದಾವೆ ಬಿದ್ದ ಮೇಲೆ ಸುತ್ತ ಬೇರೆ ದಾಖಲೆಗಳನ್ನು ಸೇರಿಸಿದವು, ಅವೂ ದೇವರ ಹೆಸರು ಬರುವ ಸಾಲುಗಳನ್ನೇ ಆರಿಸಿಕೊಂಡು. ಅದಕ್ಕೂ ತಡೆಯಾಜ್ಞೆ ಬಂದಾಗ ಮೂರನೇ ಸಲ ಮ್ಯಾಗ್ನಾ ಕಾರ್ಟಾ, ಸ್ವಾತಂತ್ರ್ಯ ಘೋಷಣೆ ಮುಂತಾದವನ್ನು ಜೋಡಿಸಿ ‘ಕಾನೂನಿನ ಬುನಾದಿ’ಯ ಪ್ರದರ್ಶನ ಎಂದವು. ಮೊದಲ ಎರಡು ಪ್ರಯತ್ನಗಳನ್ನು ಮರೆತು ಮೂರನೆಯದನ್ನಷ್ಟೇ ನೋಡಲು ಕೋರ್ಟ್ ಒಪ್ಪಲಿಲ್ಲ. ಉದ್ದೇಶ ಮೊದಲ ದಿನವೇ ದಾಖಲಾಗಿತ್ತು. ಇವತ್ತಿಗೂ ಸಣ್ಣ ಊರುಗಳ ಕೌನ್ಸಿಲ್‌ಗಳು ಎಡವುವುದು ಇಲ್ಲೇ. ಸಭೆಯಲ್ಲಿ ಸದಸ್ಯರು ಆಡಿದ ಮಾತು ನಡಾವಳಿಯಲ್ಲಿ ಉಳಿಯುತ್ತದೆ, ನಾಲ್ಕು ಬೇರೆ ಫಲಕ ತಂದು ನಿಲ್ಲಿಸಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ.

ನಿಮ್ಮೂರಿನ ಕೋರ್ಟ್ ಹುಲ್ಲುಹಾಸಿನಲ್ಲೂ ಇಂಥ ಗ್ರಾನೈಟ್ ಕಲ್ಲು ಇದ್ದರೆ ಅದರ ಬುಡ ನೋಡಿ. ಬಹಳಷ್ಟು ಕಡೆ ಈಗಲ್ಸ್ ಸಂಘದ ಹೆಸರು, ಕೊಟ್ಟ ವರ್ಷ ಕೆತ್ತಿರುತ್ತದೆ. ಆ ವರ್ಷ ಎಷ್ಟು ಹಳೆಯದು ಎಂಬುದರ ಮೇಲೆ ಅರ್ಧ ಪ್ರಕರಣ ನಿಂತಿರುತ್ತದೆ. ಯಾಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಹಳೆಯದಾದರೆ ಎಲ್ಲವೂ ಸರಿಯೇ? ಮೇರಿಲ್ಯಾಂಡ್‌ನ ದೊಡ್ಡ ಶಿಲುಬೆ ಉಳಿದದ್ದು ಹೇಗೆ?

ಉತ್ತರ: ಬ್ಲೇಡನ್ಸ್‌ಬರ್ಗ್‌ನ ಆ ಶಿಲುಬೆ 32 ಅಡಿ ಎತ್ತರ, ಪೀಠ ಬೇರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಪ್ರಿನ್ಸ್ ಜಾರ್ಜಸ್ ಕೌಂಟಿಯ 49 ಯೋಧರ ಹೆಸರು ಅದರ ಫಲಕದಲ್ಲಿದೆ. ಮಡಿದವರ ತಾಯಂದಿರು ಸೇರಿ ಶುರುಮಾಡಿದ ಕೆಲಸವನ್ನು ಮಾಜಿ ಯೋಧರ ಸಂಘವಾದ ಅಮೆರಿಕನ್ ಲೀಜನ್ 1925ರಲ್ಲಿ ಮುಗಿಸಿತು. 1961ರಲ್ಲಿ ಅದೂ ಅದು ನಿಂತ ನೆಲವೂ ಸರ್ಕಾರಿ ಆಯೋಗದ ಕೈಗೆ ಬಂದವು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಅದು ಅಲ್ಲೇ ಇರಲಿ ಎಂದಿತು.

ನ್ಯಾಯಮೂರ್ತಿ ಅಲಿಟೊ ಕೊಟ್ಟ ಕಾರಣಗಳು ಮುಖ್ಯ. ಕಾಲ ಕಳೆದಂತೆ ಮೂಲ ಉದ್ದೇಶವನ್ನು ಪತ್ತೆಹಚ್ಚುವುದು ಕಷ್ಟ. ಉದ್ದೇಶಗಳು ಒಂದಕ್ಕೆ ಹತ್ತು ಸೇರಿಕೊಳ್ಳುತ್ತವೆ. ಸ್ಮಾರಕ ಹೇಳುವ ಸಂದೇಶವೇ ಬದಲಾಗುತ್ತದೆ. ಊರಿನ ಗುರುತಾಗಿಬಿಟ್ಟದ್ದನ್ನು ಕಿತ್ತರೆ ಅದು ತಟಸ್ಥ ಕ್ರಮ ಎನಿಸದೆ ಧರ್ಮದ ಮೇಲಿನ ಹಗೆತನ ಎನಿಸಬಹುದು. ಹೀಗಾಗಿ ಹಳೆಯ ಸ್ಮಾರಕಗಳು ಸಂವಿಧಾನಬದ್ಧ ಎಂದು ಮೊದಲೇ ಊಹಿಸಿಕೊಂಡು ಮುಂದುವರಿಯಬೇಕು ಎಂದಾಯಿತು. ಶಿಲುಬೆ ಕ್ರೈಸ್ತಧರ್ಮದ ಪ್ರಧಾನ ಲಾಂಛನ, ಯುದ್ಧಸ್ಮಾರಕ ಆದ ಮಾತ್ರಕ್ಕೆ ಅದು ಎಲ್ಲರದ್ದಾಗದು ಎಂದು ಗಿನ್ಸ್‌ಬರ್ಗ್ ಭಿನ್ನಮತ ಬರೆದರು. ಬೇರೆ ಧರ್ಮದ ಯೋಧರ ಮನೆಯವರ ಕಣ್ಣಿನಿಂದ ನೋಡಿದರೆ ಆ ಭಿನ್ನಮತದ ತೂಕ ಗೊತ್ತಾಗುತ್ತದೆ. ಆದರೆ ಕಾನೂನು ಈಗ ಬಹುಮತದ ಕಡೆಗಿದೆ.

1971ರಿಂದ ಬಳಕೆಯಲ್ಲಿದ್ದ ‘ಲೆಮನ್’ ಪರೀಕ್ಷೆಯನ್ನು, ಅಂದರೆ ಉದ್ದೇಶ, ಪರಿಣಾಮ, ಸರ್ಕಾರ–ಧರ್ಮಗಳ ತೊಡಕು ಈ ಮೂರನ್ನೂ ಅಳೆಯುವ ಕ್ರಮವನ್ನು, 2022ರಲ್ಲಿ ಕೋರ್ಟ್ ಪೂರ್ತಿ ಕೈಬಿಟ್ಟಿತು. ಅದು ಶಾಲಾ ಮೈದಾನದಲ್ಲಿ ಫುಟ್‌ಬಾಲ್ ಕೋಚ್ ಒಬ್ಬರು ಪ್ರಾರ್ಥಿಸಿದ ಪ್ರಕರಣ. ಈಗ ನೋಡುವುದು ಚರಿತ್ರೆ ಮತ್ತು ಪರಂಪರೆಯನ್ನು. ಆದ್ದರಿಂದ 1990ರ ದಶಕದ ತೀರ್ಪುಗಳನ್ನು ಮಾತ್ರ ಓದಿ ಅಭಿಪ್ರಾಯ ಕೊಡುವವರನ್ನು ನಂಬಬೇಡಿ. ಹಾಗೆಂದು ಹೊಸದಾಗಿ ನಿಲ್ಲಿಸುವ ಶಿಲುಬೆಗೆ 2019ರ ಆ ಊಹೆಯ ರಕ್ಷಣೆ ಸಿಗುವುದಿಲ್ಲ, ಅದು ತೀರ್ಪಿನಲ್ಲೇ ಸ್ಪಷ್ಟವಿದೆ.

ಇನ್ನೊಂದು ವಿಷಯ, ಅನೇಕರು ಗಮನಿಸದೆ ಬಿಡುವಂಥದ್ದು: ರಾಜ್ಯಗಳ ಸಂವಿಧಾನ ಇನ್ನೂ ಬಿಗಿಯಾಗಿರಬಹುದು. ಓಕ್ಲಹೋಮದಲ್ಲಿ ಶಾಸನಸಭೆ ಆವರಣದ ದಶಾಜ್ಞೆ ಕಲ್ಲನ್ನು 2015ರಲ್ಲಿ ತೆಗೆಸಿದ್ದು ಆ ರಾಜ್ಯದ್ದೇ ಸುಪ್ರೀಂ ಕೋರ್ಟ್. ಸರ್ಕಾರಿ ಸ್ವತ್ತು ಯಾವ ಧರ್ಮದ ಉಪಯೋಗಕ್ಕೂ ಹೋಗಬಾರದು ಎಂಬ ರಾಜ್ಯ ಸಂವಿಧಾನದ ವಿಧಿಯೇ ಆಧಾರ. ಆ ವಿಧಿಯನ್ನು ತೆಗೆದುಹಾಕುವ ಪ್ರಸ್ತಾವವನ್ನು ಮರುವರ್ಷ ಮತದಾರರೇ ತಿರಸ್ಕರಿಸಿದರು.

ಪ್ರಶ್ನೆ: ‘ಚರ್ಚ್ ಮತ್ತು ಪ್ರಭುತ್ವದ ನಡುವಿನ ಗೋಡೆ’ ಎಂಬ ಮಾತು ಸಂವಿಧಾನದಲ್ಲಿ ಎಲ್ಲಿದೆ?

ಉತ್ತರ: ಎಲ್ಲೂ ಇಲ್ಲ. ಅದು ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರ ಜನವರಿ 1ರಂದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದ ಮಾತು. 1791ರ ಮೊದಲನೇ ತಿದ್ದುಪಡಿ ಹೇಳುವುದು ಇಷ್ಟು: ಧರ್ಮವೊಂದನ್ನು ಪ್ರಭುತ್ವದ ಧರ್ಮವಾಗಿ ಸ್ಥಾಪಿಸುವ ಕಾನೂನನ್ನಾಗಲಿ, ಧರ್ಮಾಚರಣೆಯನ್ನು ನಿಷೇಧಿಸುವ ಕಾನೂನನ್ನಾಗಲಿ ಕಾಂಗ್ರೆಸ್ ಮಾಡಕೂಡದು. ಧರ್ಮಸ್ಥಾಪನೆಯ ಈ ನಿರ್ಬಂಧ ರಾಜ್ಯಗಳಿಗೂ ಊರುಗಳಿಗೂ ಅನ್ವಯಿಸುತ್ತದೆ ಎಂದು ಸ್ಥಿರವಾದದ್ದು 1947ರಲ್ಲಿ.

ಪ್ರಶ್ನೆ: ನಮ್ಮ ಸಿಟಿ ಪಾರ್ಕಿನಲ್ಲಿ ದಶಾಜ್ಞೆಯ ಕಲ್ಲು ಇದೆ. ನಮ್ಮ ಕನ್ನಡ ಸಂಘ ಬಸವಣ್ಣನವರ ಪ್ರತಿಮೆ ಮಾಡಿಸಿಕೊಟ್ಟರೆ ಸಿಟಿಯವರು ಇಟ್ಟುಕೊಳ್ಳಲೇಬೇಕಲ್ಲವೇ?

ಉತ್ತರ: ಇಲ್ಲ. 2009ರಲ್ಲಿ ಯೂಟಾದ ಪ್ಲೆಸೆಂಟ್ ಗ್ರೋವ್ ಊರಿನ ಪ್ರಕರಣದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಇದನ್ನೇ ಹೇಳಿದರು. ಆ ಊರಿನ ಪಾರ್ಕಿನಲ್ಲಿ ದಾನವಾಗಿ ಬಂದ ದಶಾಜ್ಞೆ ಇತ್ತು. ಸಮಮ್ ಎಂಬ ಧಾರ್ಮಿಕ ಪಂಥ ತನ್ನ ಏಳು ಸೂತ್ರಗಳ ಕಲ್ಲನ್ನೂ ಇಡಿ ಎಂದಿತು, ಊರು ಒಲ್ಲೆ ಎಂದಿತು. ಪಾರ್ಕಿನಲ್ಲಿ ಭಾಷಣ ಮಾಡುವವನು ಮುಗಿಸಿ ಮನೆಗೆ ಹೋಗುತ್ತಾನೆ, ಕಲ್ಲು ಅಲ್ಲೇ ಉಳಿಯುತ್ತದೆ. ಆದ್ದರಿಂದ ಶಾಶ್ವತ ಸ್ಮಾರಕ ಯಾರೇ ಕೊಟ್ಟಿದ್ದರೂ ಅದು ಸರ್ಕಾರದ ಮಾತು, ಯಾವುದನ್ನು ಇಡಬೇಕೆಂದು ಆರಿಸುವುದೂ ಸರ್ಕಾರವೇ ಎಂದು ಕೋರ್ಟ್ ತೀರ್ಮಾನಿಸಿತು.

ಹಾಗಾಗಿ ಹಕ್ಕಿನ ಮಾತೆತ್ತುವ ಬದಲು ಸಿಟಿಯ ಕೊಡುಗೆ ನೀತಿಯ ಪ್ರತಿ ಕೇಳಿ ಓದಿ. ಪ್ಲೆಸೆಂಟ್ ಗ್ರೋವ್‌ನಲ್ಲಿ ಎರಡು ಮಾನದಂಡ ಇದ್ದವು: ಊರಿನ ಚರಿತ್ರೆಗೆ ನೇರ ಸಂಬಂಧವಿರಬೇಕು, ಇಲ್ಲವೇ ಕೊಡುವವರು ಬಹುಕಾಲದಿಂದ ಊರಿನ ಜೊತೆ ನಂಟುಳ್ಳವರಾಗಿರಬೇಕು. ನಿಮ್ಮ ಸಂಘ ಅಲ್ಲಿ ಎಷ್ಟು ವರ್ಷದಿಂದಿದೆ, ಏನು ಸಾರ್ವಜನಿಕ ಕೆಲಸ ಮಾಡಿದೆ ಎಂಬುದಕ್ಕೆ ಕಾಗದಪತ್ರ ಜೋಡಿಸಿ. ಬಸವಣ್ಣನವರನ್ನು 12ನೇ ಶತಮಾನದ ವಚನಕಾರ, ಸಮಾಜ ಸುಧಾರಕ ಎಂದು ಪರಿಚಯಿಸಿದರೆ ಅದು ಸುಳ್ಳೂ ಅಲ್ಲ, ಕೌನ್ಸಿಲ್‌ಗೆ ಒಪ್ಪಲು ಸುಲಭವೂ ಹೌದು. ಪೀಠದ ನಕ್ಷೆ, ನಿರ್ವಹಣೆಗೆ ಬೇರೆಯಾಗಿಟ್ಟ ನಿಧಿ, ಫಲಕದ ಬರಹದ ಕರಡು ಮೂರೂ ಅರ್ಜಿಯ ಜೊತೆಗಿರಲಿ. ಒಂದು ಎಚ್ಚರಿಕೆ: ಕೊಟ್ಟ ಮೇಲೆ ಪ್ರತಿಮೆ ಸಿಟಿಯದು. ನಾಳೆ ಅವರು ಅದನ್ನು ಬೇರೆ ಕಡೆ ಸಾಗಿಸಬಹುದು, ತೆಗೆಯಲೂಬಹುದು. ತೆಗೆದರೆ ಸಂಘಕ್ಕೆ ಹಿಂದಿರುಗಿಸಬೇಕು ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ಶಾಶ್ವತ ಬೇಡ, ದೀಪಾವಳಿಗೆ ಒಂದು ವಾರ ಸಿಟಿ ಹಾಲ್ ಮುಂದೆ ದೀಪಸ್ತಂಭ ಇಡಬೇಕು. ಅದಕ್ಕೂ ಇದೇ ನಿಯಮವೇ?

ಉತ್ತರ: ಇಲ್ಲಿ ಲೆಕ್ಕ ತಿರುಗುತ್ತದೆ. ತಾತ್ಕಾಲಿಕ ಪ್ರದರ್ಶನಕ್ಕೆಂದು ಸಿಟಿ ಒಂದು ಜಾಗವನ್ನು ಎಲ್ಲರಿಗೂ ತೆರೆದಿದ್ದರೆ ಅಲ್ಲಿ ಇಡುವುದು ಖಾಸಗಿಯವರ ಮಾತು, ಧಾರ್ಮಿಕ ಎಂಬ ಕಾರಣಕ್ಕೆ ಅದನ್ನು ತಡೆಯುವಂತಿಲ್ಲ. 1995ರಲ್ಲಿ ಓಹಾಯೊ ಶಾಸನಸಭೆ ಮುಂದಿನ ಚೌಕದಲ್ಲಿ ಬಿಳಿಯರ ಶ್ರೇಷ್ಠತೆ ಸಾರುವ ಕು ಕ್ಲಕ್ಸ್ ಕ್ಲಾನ್‌ನಂಥ ಸಂಘಟನೆಯ ಶಿಲುಬೆಗೂ ಈ ತತ್ವ ಅನ್ವಯವಾಯಿತು. ಬಾಸ್ಟನ್ ಸಿಟಿ ಹಾಲ್‌ನ ಧ್ವಜಸ್ತಂಭದ ಪ್ರಕರಣ ಇನ್ನೂ ಸ್ಪಷ್ಟ: 2005ರಿಂದ 2017ರವರೆಗೆ ಖಾಸಗಿಯವರ 284 ಧ್ವಜಾರೋಹಣಗಳಿಗೆ ಒಪ್ಪಿಗೆ ಕೊಟ್ಟ ಸಿಟಿ ಕ್ರೈಸ್ತ ಧ್ವಜವೊಂದಕ್ಕೆ ಮಾತ್ರ ಇಲ್ಲ ಎಂದಿತು. 2022ರಲ್ಲಿ ಸುಪ್ರೀಂ ಕೋರ್ಟ್ 9–0ರಿಂದ ಅದು ತಪ್ಪು ಎಂದಿತು. ಬರೆದಿಟ್ಟ ನೀತಿಯೂ ಇಲ್ಲ, ಯಾವ ಧ್ವಜ ಎಂದು ಸಿಟಿ ನೋಡುತ್ತಲೂ ಇರಲಿಲ್ಲ. ಹಾಗಿದ್ದ ಮೇಲೆ ಅದು ಸಿಟಿಯ ಮಾತು ಹೇಗಾದೀತು?

ನೀವು ಮಾಡಬೇಕಾದ್ದು: ಕಳೆದ ಡಿಸೆಂಬರ್‌ನಲ್ಲಿ ಅಲ್ಲಿ ಯಾರ್ಯಾರ ಪ್ರದರ್ಶನ ಇತ್ತು, ಯಾರು ಅನುಮತಿ ಪಡೆದಿದ್ದರು ಎಂದು ಸಿಟಿ ಕ್ಲರ್ಕ್ ಕಚೇರಿಯಿಂದ ದಾಖಲೆ ಪಡೆಯಿರಿ. ಖಾಸಗಿಯವರಿಗೆ ಕೊಟ್ಟಿದ್ದರೆ ಅದೇ ಅರ್ಜಿಯಲ್ಲಿ ನೀವೂ ಕೇಳಿ. ಎಲ್ಲವೂ ಸಿಟಿಯದೇ ಅಲಂಕಾರವಾಗಿದ್ದರೆ ಆ ಜಾಗ ತೆರೆದ ವೇದಿಕೆಯಲ್ಲ, ಒತ್ತಾಯಕ್ಕೆ ಆಧಾರವಿಲ್ಲ. ಎತ್ತರ, ಬುಡದ ಅಳತೆ, ಗಾಳಿಗೆ ಬೀಳದಂತೆ ಹಾಕುವ ತೂಕ, ವಿದ್ಯುತ್ ಎಲ್ಲಿಂದ ಎಂಬುದೆಲ್ಲ ನಕ್ಷೆಯಲ್ಲಿರಲಿ. ಎಣ್ಣೆ ದೀಪವಾದರೆ ಅಗ್ನಿಶಾಮಕ ಇಲಾಖೆಯ ಅನುಮತಿ ಬೇರೆ ಬೇಕಾಗಬಹುದು, ಎಲ್‌ಇಡಿ ಆದರೆ ತಲೆನೋವು ಕಡಿಮೆ. ಹತ್ತು ಲಕ್ಷ ಡಾಲರ್‌ನ ಹೊಣೆಗಾರಿಕೆ ವಿಮೆ ಕೇಳುವ ಸಿಟಿಗಳು ಬಹಳ. ‘ಇದು ಖಾಸಗಿ ಸಂಘದ ಪ್ರದರ್ಶನ, ಸಿಟಿಯದಲ್ಲ’ ಎಂಬ ಫಲಕ ಓದುವಷ್ಟು ದೊಡ್ಡದಾಗಿರಲಿ.

ಕೌನ್ಸಿಲ್‌ನಲ್ಲಿ ನಿಮಗೆ ಪರಿಚಯದವರಿದ್ದರೆ ಮಿನೆಸೋಟದ ಬೆಲ್ ಪ್ಲೇನ್ ಊರಿನ ಪಾಠ ಅವರಿಗೆ ತಿಳಿಸಿ. ಶಿಲುಬೆಯ ಮುಂದೆ ಮಂಡಿಯೂರಿದ ಯೋಧನ ಆಕೃತಿಯನ್ನು ಯೋಧರ ಸ್ಮಾರಕ ಪಾರ್ಕಿನಲ್ಲಿ ಉಳಿಸಿಕೊಳ್ಳಲೆಂದು ಆ ಊರು 2017ರಲ್ಲಿ ಅಲ್ಲೇ ಒಂದು ತೆರೆದ ವೇದಿಕೆ ಮಾಡಿತು. ಸೈತಾನನನ್ನು ಲಾಂಛನವಾಗಿಟ್ಟುಕೊಂಡ ಸೇಟಾನಿಕ್ ಟೆಂಪಲ್ ಎಂಬ ಪಂಥ ಅರ್ಜಿ ಹಾಕಿತು, ಅನುಮತಿಯೂ ಸಿಕ್ಕಿತು. ಊರು ಕೆರಳಿತು. ಕೆಲವೇ ತಿಂಗಳಲ್ಲಿ ಕೌನ್ಸಿಲ್ ವೇದಿಕೆಯನ್ನೇ ರದ್ದುಮಾಡಿತು, ಯೋಧನ ಆಕೃತಿಯೂ ಹೋಯಿತು, ಮೇಲೆ ದಾವೆಯೂ ಬಂತು. ಬಾಗಿಲು ಒಬ್ಬರಿಗೋಸ್ಕರ ತೆರೆದರೂ ಕಾನೂನಿನ ಪ್ರಕಾರ ಅದು ಎಲ್ಲರಿಗೂ ತೆರೆದಂತೆ. ನಿಮ್ಮ ದೀಪಕ್ಕೆ ಜಾಗ ಕೇಳುವಾಗ ನಿಮಗೆ ಹಿಡಿಸದವರ ಫಲಕವೂ ಪಕ್ಕದಲ್ಲಿ ನಿಲ್ಲಬಹುದು ಎಂದು ಸಂಘದ ಸದಸ್ಯರಿಗೆ ಮೊದಲೇ ಹೇಳಿರಿ.

ಪ್ರಶ್ನೆ: ಸ್ಮಾರಕದ ಕೆಳಗಿನ ತುಂಡು ಜಾಗವನ್ನಷ್ಟೇ ಮಾರಿ ವಿವಾದ ಮುಗಿಸಬಹುದೇ?

ಉತ್ತರ: ಬಹುದು, ಆದರೆ ಮಾರಾಟ ನಿಜವಾದದ್ದಾಗಿರಬೇಕು. ವಿಸ್ಕಾನ್ಸಿನ್‌ನ ಮಾರ್ಷ್‌ಫೀಲ್ಡ್ ಊರು ಕ್ರಿಸ್ತನ ಪ್ರತಿಮೆಯಿದ್ದ ಪಾರ್ಕಿನ ತುಣುಕನ್ನು ಮಾರಿತು. ಮಾರಾಟವನ್ನು ಫೆಡರಲ್ ಮೇಲ್ಮನವಿ ಕೋರ್ಟ್ 2000ದಲ್ಲಿ ಒಪ್ಪಿದರೂ, ಎಲ್ಲಿ ಸರ್ಕಾರಿ ಜಾಗ ಮುಗಿಯಿತು ಎಂದು ನೋಡುವವರಿಗೆ ತಿಳಿಯುವುದಿಲ್ಲ ಎಂಬ ಆಕ್ಷೇಪವನ್ನೂ ಒಪ್ಪಿತು. ಹೀಗಾಗಿ ಬೇಲಿ, ಫಲಕ ಬೇಕಾದವು. ಸ್ಯಾನ್ ಡಿಯೇಗೊದ ಮೌಂಟ್ ಸೊಲೆಡಾಡ್ ಶಿಲುಬೆಯ ದಶಕಗಳ ವ್ಯಾಜ್ಯವೂ 2015ರ ಮಾರಾಟದ ನಂತರ ಮುಗಿಯಿತು. ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆಗೆ, ಬೇರೆ ಯಾರಿಗೂ ಅವಕಾಶ ಕೊಡದೆ ಮಾರಿದರೆ ನಾಟಕ ಎಂದು ಪ್ರಶ್ನಿಸಲು ದಾರಿಯಾಗುತ್ತದೆ.

ಪ್ರಶ್ನೆ: ಆಕ್ಷೇಪಿಸಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಲಿ? ಹೆಸರು ಹೊರಬೀಳುತ್ತದೆಯೇ?

ಉತ್ತರ: ನೆಲ ಯಾರದು ಎಂಬಲ್ಲಿಂದ. ಕೌಂಟಿ ಅಸೆಸರ್ ಕಚೇರಿಯ ನಕ್ಷೆಯಲ್ಲಿ ಆ ತುಂಡಿನ ಮಾಲೀಕರ ಹೆಸರು ಸಿಗುತ್ತದೆ. ರಸ್ತೆ ಬದಿಯ ಎಷ್ಟೋ ಶಿಲುಬೆಗಳು ಖಾಸಗಿ ಜಾಗದಲ್ಲಿರುತ್ತವೆ, ಅಲ್ಲಿಗೆ ಮಾತು ಮುಗಿಯಿತು. ಸರ್ಕಾರದ್ದಾದರೆ ಸಾರ್ವಜನಿಕ ದಾಖಲೆ ಕಾನೂನಿನಡಿ ದಾನಪತ್ರ, ಸಭಾ ನಡಾವಳಿ, ನಿರ್ವಹಣೆ ಮತ್ತು ವಿದ್ಯುತ್ ಬಿಲ್ ಕೇಳಿ. ಬಳಿಕ ಸಿಟಿ ಅಟಾರ್ನಿಗೆ ಪತ್ರ. ಧರ್ಮ ಮತ್ತು ಪ್ರಭುತ್ವ ಬೇರೆಯಿರಬೇಕೆನ್ನುವ ಫ್ರೀಡಮ್ ಫ್ರಮ್ ರಿಲಿಜನ್ ಫೌಂಡೇಶನ್, ನಾಗರಿಕ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಎಸಿಎಲ್‌ಯು ಮುಂತಾದ ಸಂಸ್ಥೆಗಳು ಇಂಥ ಪತ್ರಗಳನ್ನು ಬರೆಯುತ್ತವೆ, ಎಷ್ಟೋ ಪ್ರಕರಣಗಳು ಪತ್ರದಲ್ಲೇ ಮುಗಿಯುತ್ತವೆ.

ದಾವೆ ಹೂಡುವುದು ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ, ನಾಗರಿಕ ಹಕ್ಕುಗಳ ಕಾನೂನಿನ ಸೆಕ್ಷನ್ 1983ರಡಿ. ಗೆದ್ದರೆ ನಿಮ್ಮ ವಕೀಲರ ಶುಲ್ಕವನ್ನು ಎದುರು ಪಕ್ಷದಿಂದ ಪಡೆಯಲು ಸೆಕ್ಷನ್ 1988 ಅವಕಾಶ ಕೊಡುತ್ತದೆ, ಊರಿನ ಕೌನ್ಸಿಲ್‌ಗಳು ಹೆದರುವುದು ಇದಕ್ಕೇ. ನೀವು ಆ ಸ್ಮಾರಕವನ್ನು ನಿಜವಾಗಿ ಎದುರುಗೊಳ್ಳುತ್ತೀರಿ ಎಂದು ತೋರಿಸಬೇಕು: ದಿನಾ ಆ ದಾರಿಯಲ್ಲಿ ಕೆಲಸಕ್ಕೆ ಹೋಗುವುದು, ಆ ಕೋರ್ಟಿನಲ್ಲಿ ಕೆಲಸವಿರುವುದು. ನೋಡಿ ನೊಂದದ್ದಷ್ಟೇ ಸಾಲದು ಎಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಗಾರ್ಸಚ್ 2019ರಲ್ಲೇ ಬರೆದಿದ್ದಾರೆ, ಈ ಬಾಗಿಲು ಕಿರಿದಾಗುವ ಸಾಧ್ಯತೆ ಇದೆ. ಹೆಸರು ಮರೆಮಾಚಲು ಕೋರ್ಟಿನ ಅನುಮತಿ ಬೇಕು, ಸಿಕ್ಕೇ ಸಿಗುತ್ತದೆ ಎಂದಿಲ್ಲ. ಮಕ್ಕಳು ಶಾಲೆಗೆ ಹೋಗುವ ಮನೆಯವರು ಇದನ್ನು ಮೊದಲೇ ಯೋಚಿಸಬೇಕು.

ಪ್ರಶ್ನೆ: ಅಮೆರಿಕದ ಸೈನ್ಯದಲ್ಲಿದ್ದ ಹಿಂದೂ ಯೋಧರ ಸರ್ಕಾರಿ ಸಮಾಧಿ ಕಲ್ಲಿನ ಮೇಲೆ ಓಂಕಾರ ಕೆತ್ತಿಸಬಹುದೇ?

ಉತ್ತರ: ಕೆತ್ತಿಸಬಹುದು. ಅಲ್ಲಿ ಲಾಂಛನ ಆರಿಸುವುದು ಸರ್ಕಾರವಲ್ಲ, ಮೃತರ ಮನೆಯವರು. ಯೋಧರ ಇಲಾಖೆ ಒಪ್ಪಿದ ಲಾಂಛನಗಳ ಪಟ್ಟಿಯಲ್ಲಿ ಓಂ ಇದೆ. ರಾಷ್ಟ್ರೀಯ ಸ್ಮಶಾನದಲ್ಲಾದರೆ ಅಂತ್ಯಕ್ರಿಯೆ ಗೊತ್ತುಮಾಡುವಾಗಲೇ ತಿಳಿಸಿ. ಖಾಸಗಿ ಸ್ಮಶಾನವಾದರೆ 40-1330 ಸಂಖ್ಯೆಯ ಅರ್ಜಿ ತುಂಬಿ, ಸೇನೆಯಿಂದ ಬಿಡುಗಡೆಯಾದ ಪತ್ರದ ಪ್ರತಿ ಲಗತ್ತಿಸಬೇಕು.