ಡಾಕ್ಯುಮೆಂಟೇಶನ್ ಪುಟ ಬೆಳ್ಳಗಾದರೆ ಫಾರ್ಮ್ಯಾಟ್ ಹೊಡೆಸಬೇಡಿ

ಬರೆದವರ ಊರು ಬೇರೆ, ಕಾಲೇಜು ಬೇರೆ, ದೂರು ಮಾತ್ರ ಒಂದೇ: ಕನ್ನಡಕ್ಕೆ ಅನುವಾದಿಸಿಕೊಂಡ ಡಾಕ್ಯುಮೆಂಟೇಶನ್ (ಅಂದರೆ ಸಾಫ್ಟ್‌ವೇರ್ ಕೈಪಿಡಿ) ಪುಟ ಬೆಳ್ಳಗಾಗುತ್ತದೆ. ಹಾಗಾಗಿ ಈ ಸಲದ ಜಾಗವೆಲ್ಲ ಹೆಚ್ಚುಕಡಿಮೆ ಅದಕ್ಕೇ ಹೋಗಿದೆ. ಉಳಿದ ಪ್ರಶ್ನೆಗಳಿಗೆ ಒಂದೆರಡು ಸಾಲು ಸಾಕು.

ಪ್ರಶ್ನೆ: ಸರ್, ನಾನು ಎಂಸಿಎ ವಿದ್ಯಾರ್ಥಿನಿ. ಇಂಗ್ಲಿಷ್ ಡಾಕ್ಯುಮೆಂಟೇಶನ್ ಓದೋದು ಕಷ್ಟ ಅಂತ ಕ್ರೋಮ್‌ನಲ್ಲಿ ಕನ್ನಡಕ್ಕೆ ಅನುವಾದ ಮಾಡಿಕೊಂಡು ಓದುತ್ತೇನೆ. ಮೊದಲು ಚೆನ್ನಾಗೇ ಕಾಣುತ್ತೆ. ಪುಟದಲ್ಲಿ ಎನ್‌ಪಿಎಂ, ಯಾರ್ನ್ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಹಾಕಿಕೊಳ್ಳೋ ಟೂಲ್‌ಗಳು) ಅಂತ ಇರೋ ಟ್ಯಾಬ್ ಒತ್ತಿದ ಕೂಡಲೇ ಪುಟವೆಲ್ಲ ಬೆಳ್ಳಗಾಗಿಬಿಡುತ್ತೆ. ಕ್ಯಾಶ್ ಕ್ಲಿಯರ್ ಮಾಡಿದೆ, ಇನ್‌ಕಾಗ್ನಿಟೊದಲ್ಲೂ ನೋಡಿದೆ. ಅಂಗಡಿಯವರು ವೈರಸ್ ಅಂತ ಹೇಳಿ ಫಾರ್ಮ್ಯಾಟ್ ಹೊಡೆದುಕೊಟ್ಟರು. ಈಗಲೂ ಹಾಗೇ ಆಗುತ್ತಿದೆ.

ಉತ್ತರ: ಆಗದೆ ಇನ್ನೇನು? ತಲೆನೋವಿಗೆ ಹಲ್ಲು ಕೀಳಿಸಿಕೊಂಡಿದ್ದೀರಿ. ವೈರಸ್ಸೂ ಅಲ್ಲ, ಕ್ಯಾಶೂ ಅಲ್ಲ. ಪುಟವನ್ನು ಕೆಡಿಸಿದ್ದು ನೀವು ಒತ್ತಿದ ಆ ಅನುವಾದದ ಬಟನ್ನೇ. ಇನ್‌ಕಾಗ್ನಿಟೊದಲ್ಲೂ ನೀವು ಅದನ್ನು ಒತ್ತಿರುತ್ತೀರಿ, ಅಲ್ಲೂ ಅದೇ ಗತಿ.

ಈಗಿನ ಬಹಳಷ್ಟು ಡಾಕ್ಯುಮೆಂಟೇಶನ್ ತಾಣಗಳು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೇಲೆ ಕಟ್ಟಿದಂಥವು. ಇಂಥ ತಾಣ ಕಟ್ಟುವ ಡಾಕ್ಯುಸಾರಸ್ ಎಂಬ ಟೂಲ್‌ನಲ್ಲಿ ಮಾಡಿದ್ದೆಲ್ಲ ಹಾಗೇ. ಪುಟದ ಯಾವ ಅಕ್ಷರದ ತುಂಡು ಎಲ್ಲಿದೆ ಎಂಬ ಲೆಕ್ಕವನ್ನು ರಿಯಾಕ್ಟ್ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಕ್ರೋಮ್‌ನ ಅನುವಾದಕ ಬಂದು ಆ ಇಂಗ್ಲಿಷ್ ತುಂಡುಗಳನ್ನು ಕಿತ್ತು, ಕನ್ನಡದ ಸಾಲುಗಳನ್ನು ಫಾಂಟ್ ಎಂಬ ಹಳೇ ಕಾಲದ ಟ್ಯಾಗ್‌ನೊಳಗೆ ಸುತ್ತಿ ಆ ಜಾಗದಲ್ಲಿ ಕೂರಿಸುತ್ತದೆ. ರಿಯಾಕ್ಟ್‌ಗೆ ಇದನ್ನು ಹೇಳುವವರಿಲ್ಲ. ನೀವು ಟ್ಯಾಬ್ ಒತ್ತಿದಾಗ ಅದು ತನ್ನ ಹಳೇ ತುಂಡನ್ನು ತೆಗೆಯಲು ಹೋಗುತ್ತದೆ, ತುಂಡು ಅಲ್ಲಿಲ್ಲ, ಎರರ್. 2017ರಲ್ಲಿ ಬಂದ ರಿಯಾಕ್ಟ್ 16ರಿಂದ ಈಚೆಗೆ, ಇಂಥ ಎರರನ್ನು ಹಿಡಿಯುವ ಏರ್ಪಾಡನ್ನು ತಾಣದವರು ಮಾಡಿರದಿದ್ದರೆ, ಅರ್ಧಂಬರ್ಧ ತೋರಿಸುವ ಬದಲು ಎಲ್ಲವನ್ನೂ ಪರದೆಯಿಂದ ತೆಗೆದುಹಾಕುತ್ತದೆ. ನಿಮ್ಮ ಬಿಳಿ ಪುಟ ಅದೇ. ಏರ್ಪಾಡು ಮಾಡಿರುವ ತಾಣಗಳಲ್ಲಿ ‘ಈ ಪುಟ ಕ್ರ್ಯಾಶ್ ಆಯಿತು’ ಎಂಬ ಅರ್ಥದ ಇಂಗ್ಲಿಷ್ ಸಂದೇಶವಾದರೂ ಬರುತ್ತದೆ.

ನನ್ನ ಮಾತು ನಂಬಬೇಕಿಲ್ಲ. ಪುಟ ಅನುವಾದವಾಗಿರುವಾಗಲೇ ಎಫ್12 ಒತ್ತಿ, ತೆರೆಯುವ ಡೆವಲಪರ್ ಟೂಲ್ಸ್‌ನ ಎಲಿಮೆಂಟ್ಸ್ ಫಲಕದಲ್ಲಿ ತೀರಾ ಮೇಲಿನ ಎಚ್‌ಟಿಎಂಎಲ್ ಸಾಲು ನೋಡಿ. ‘ಟ್ರಾನ್ಸ್‌ಲೇಟೆಡ್-ಎಲ್‌ಟಿಆರ್’ ಎಂಬ ಕ್ಲಾಸ್ ಅಂಟಿಕೊಂಡಿರುತ್ತದೆ. ತಾಣದವರು ಬರೆದದ್ದಲ್ಲ, ಅನುವಾದಕ ಅಂಟಿಸಿದ್ದು. ಆಮೇಲೆ ಪಕ್ಕದ ಕನ್ಸೋಲ್ ಫಲಕ ತೆರೆದಿಟ್ಟು, ಪುಟದಲ್ಲಿರುವ ಆ ಎನ್‌ಪಿಎಂ, ಯಾರ್ನ್ ಟ್ಯಾಬ್ ಒತ್ತಿ. ಕೆಂಪು ಸಾಲಿನಲ್ಲಿ ‘ರಿಮೂವ್‌ಚೈಲ್ಡ್’ ಅಥವಾ ‘ಇನ್ಸರ್ಟ್‌ಬಿಫೋರ್’ ಎಂಬ ಪದ ಕಂಡರೆ ತನಿಖೆ ಮುಗಿಯಿತು. ಇದೇ ಕಾರಣಕ್ಕೆ ಪೈಥಾನ್‌ನ ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ ನಿಮಗೆ ಈ ಕಾಟ ಇಲ್ಲ. ಅದು ರಿಯಾಕ್ಟ್ ಇಲ್ಲದೆ ಸ್ಫಿಂಕ್ಸ್ ಎಂಬ ಟೂಲ್‌ನಿಂದ ತಯಾರಾದ ಸಾದಾ ಪುಟ, ಅನುವಾದಕ ಏನು ಕಿತ್ತರೂ ಅಲ್ಲಿ ಲೆಕ್ಕ ಕೇಳುವವರಿಲ್ಲ.

ಹಾಗಾದರೆ ಕನ್ನಡದಲ್ಲಿ ಓದಲೇಬಾರದೇ? ಓದಿ. ‘ಇಂಗ್ಲಿಷ್ ಬರದವರು ಈ ಫೀಲ್ಡಿಗೆ ಯಾಕೆ ಬರಬೇಕು’ ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಅದೇ ಪುಟವನ್ನು ಬ್ರೌಸರಿನ ಎರಡು ಟ್ಯಾಬ್‌ಗಳಲ್ಲಿ ತೆರೆದಿಟ್ಟುಕೊಳ್ಳಿ. ಒಂದು ಕನ್ನಡದಲ್ಲಿ, ಬರೀ ಓದಲಿಕ್ಕೆ, ಅದರಲ್ಲಿ ಏನನ್ನೂ ಒತ್ತಬೇಡಿ. ಇನ್ನೊಂದು ಇಂಗ್ಲಿಷಿನಲ್ಲಿ, ಒತ್ತಲಿಕ್ಕೆ ಮತ್ತು ಕಾಪಿ ಮಾಡಲಿಕ್ಕೆ. ಅಡಚಣೆ ಒಂದೇ ಪ್ಯಾರಾದಲ್ಲಿದ್ದರೆ ಅಷ್ಟನ್ನೇ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್ ಮಾಡಿ ಅನುವಾದಿಸಿ. ಕ್ರೋಮ್ ಅದನ್ನು ಪಕ್ಕದ ಸಣ್ಣ ಚೌಕದಲ್ಲಿ ತೋರಿಸುತ್ತದೆ, ಪುಟಕ್ಕೆ ಕೈ ಹಚ್ಚುವುದಿಲ್ಲ. ಕ್ರೋಮ್ ತಾನಾಗಿಯೇ ಅನುವಾದಕ್ಕೆ ಇಳಿಯುತ್ತಿದ್ದರೆ, ಅನುವಾದದ ಚೌಕದಲ್ಲಿರುವ ಮೂರು ಚುಕ್ಕಿ ಒತ್ತಿ ‘ಈ ತಾಣವನ್ನು ಎಂದೂ ಅನುವಾದಿಸಬೇಡ’ ಎಂಬ ಆಯ್ಕೆ ಹಾಕಿ.

ಅನುವಾದಿತ ಪುಟದಿಂದ ಕಮಾಂಡ್ ಕಾಪಿ ಮಾಡಿ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿಗೆ) ಅಂಟಿಸಬೇಡಿ. ಇದನ್ನು ಗೋಡೆಗೆ ಬರೆದು ಹಾಕಿಕೊಂಡರೂ ನನ್ನ ಅಡ್ಡಿಯಿಲ್ಲ. ಕೋಡ್ ಇರುವ ಜಾಗಕ್ಕೆ ತಾಣದವರು ‘ನೋಟ್ರಾನ್ಸ್‌ಲೇಟ್’ (ಅನುವಾದಿಸಬೇಡ) ಎಂಬ ಗುರುತು ಹಾಕಿರದಿದ್ದರೆ ಅನುವಾದಕ ಅಲ್ಲೂ ಕೈಯಾಡಿಸಬಹುದು. ಎರಡು ಅಡ್ಡಗೆರೆಯ ನಡುವೆ ಒಂದು ಖಾಲಿ ಜಾಗ ನುಸುಳಿದರೂ ಸಾಕು, ಕಮಾಂಡಿನ ಅರ್ಥವೇ ಬದಲಾಗುತ್ತದೆ. ಫೈಲ್ ಅಳಿಸುವ ಕಮಾಂಡಿನಲ್ಲಿ ಹಾಗಾದರೆ ಏನಾದೀತು ಎಂದು ನೀವೇ ಊಹಿಸಿ. ಈ ವಿಷಯದಲ್ಲಿ ನಾನು ಪುಕ್ಕಲನೇ.

ಇನ್ನು ಆ ಅಂಗಡಿ. ಎಫ್12 ಒತ್ತಿ ಒಂದು ಸಾಲೂ ಓದದೆ ‘ವೈರಸ್’ ಅಂದವರ ಕೈಗೆ ಇನ್ನೊಮ್ಮೆ ಲ್ಯಾಪ್‌ಟಾಪ್ ಕೊಡಬೇಡಿ.

ಪ್ರಶ್ನೆ: ಡಾಕ್ಯುಮೆಂಟೇಶನ್‌ನ ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡಿದರೆ ಏನೂ ಬರುತ್ತಿಲ್ಲ.
ಉತ್ತರ: ಕನ್ಸೋಲ್‌ನಲ್ಲಿ ‘ಬ್ಲಾಕ್ಡ್ ಬೈ ಕ್ಲೈಂಟ್’ ಎಂದಿದ್ದರೆ ತಡೆದದ್ದು ನಿಮ್ಮದೇ ಬ್ರೌಸರಿನ ಆ್ಯಡ್‌ಬ್ಲಾಕರ್ ಅಥವಾ ಅಂಥದೇ ಎಕ್ಸ್‌ಟೆನ್ಶನ್. ಆ ತಾಣಕ್ಕೆ ಮಾತ್ರ ಅದನ್ನು ಆಫ್ ಮಾಡಿ.

ಪ್ರಶ್ನೆ: ‘ರಿಕ್ವೆಸ್ಟ್ ಹೆಡರ್ ಆರ್ ಕುಕೀ ಟೂ ಲಾರ್ಜ್’ ಅಂತ ಬರುತ್ತಿದೆ. ಹಿಸ್ಟರಿ ಪೂರ್ತಿ ಅಳಿಸಲೇ?
ಉತ್ತರ: ಬೇಡ. ಅಡ್ರೆಸ್ ಬಾರ್‌ನ ಎಡತುದಿಯ ಚಿಹ್ನೆ ಒತ್ತಿ, ಆ ಒಂದು ತಾಣದ ಕುಕೀಗಳನ್ನಷ್ಟೇ (ತಾಣ ನಿಮ್ಮ ಬ್ರೌಸರಿನಲ್ಲಿ ಇಟ್ಟ ಪುಟ್ಟ ಮಾಹಿತಿ) ಅಳಿಸಿ. ಎಲ್ಲ ಅಳಿಸಿ ಆಮೇಲೆ ಎಲ್ಲ ಕಡೆ ಲಾಗ್‌ಔಟ್ ಆಯಿತು ಎಂದು ನನಗೆ ಬರೆಯಬೇಡಿ.

ಪ್ರಶ್ನೆ: ಡೌನ್‌ಲೋಡ್ ಮಾಡಿದ ಸಿಎಚ್‌ಎಂ ಹೆಲ್ಪ್ ಫೈಲ್ ತೆರೆದರೆ ಎಡಗಡೆ ಪಟ್ಟಿ ಬರುತ್ತೆ, ಬಲಗಡೆ ಖಾಲಿ.
ಉತ್ತರ: ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅನ್‌ಬ್ಲಾಕ್. ಇಂಟರ್ನೆಟ್ಟಿನಿಂದ ಬಂದದ್ದು ಎಂದು ವಿಂಡೋಸ್ ತಡೆಹಿಡಿದಿದೆ. ಎಲ್ಲಿಂದ ಇಳಿಸಿದಿರಿ ಎಂಬುದು ನೆನಪಿಲ್ಲದಿದ್ದರೆ ಅನ್‌ಬ್ಲಾಕ್ ಮಾಡಬೇಡಿ, ಡಿಲೀಟ್ ಮಾಡಿ.

ಪ್ರಶ್ನೆ: ಆಫೀಸಿನ ಹಳೇ ಸಾಫ್ಟ್‌ವೇರ್ ಕೈಪಿಡಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತೆ. ಎಲ್ಲಿಂದ ಇಳಿಸಿಕೊಳ್ಳಲಿ?
ಉತ್ತರ: ಎಲ್ಲಿಂದಲೂ ಬೇಡ. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಅದರ ಬೆಂಬಲ ನಿಲ್ಲಿಸಿತು. ಮೈಕ್ರೋಸಾಫ್ಟ್‌ನ ಈಗಿನ ಬ್ರೌಸರ್ ಎಡ್ಜ್‌ನಲ್ಲಿ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಇದೆ, ಅದರಲ್ಲಿ ತೆರೆಯಿರಿ.

ಪ್ರಶ್ನೆ: ಡಾಕ್ಯುಮೆಂಟೇಶನ್ ಹುಡುಕುವಾಗ ‘ನಿಮ್ಮ ಬ್ರೌಸರ್ ಹಾಳಾಗಿದೆ, ಈ ನಂಬರಿಗೆ ಕರೆ ಮಾಡಿ’ ಅಂತ ಬಂತು. ಮಾಡಿದೆ. ಅವರು ಒಂದು ಆ್ಯಪ್ ಹಾಕಿಸಿ, ಸರಿ ಮಾಡುತ್ತೇವೆ ಅಂದರು.
ಉತ್ತರ: ಇದನ್ನು ಓದುವುದನ್ನು ಬಿಟ್ಟು ಮೊದಲು ಇಂಟರ್ನೆಟ್ ಕಡಿತ ಮಾಡಿ, ಆ ಆ್ಯಪ್ ತೆಗೆಯಿರಿ, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಈಗಲೇ ಕರೆ ಮಾಡಿ. ಯಾವ ಬ್ರೌಸರೂ ತನ್ನ ರಿಪೇರಿಗೆ ಫೋನ್ ನಂಬರ್ ಕೊಡುವುದಿಲ್ಲ.